ಫ್ರಾನ್ಸಿನಲ್ಲಿ ಇಳಿಯಬೇಕಿದ್ದ ವಿಮಾನ

ಟೋಕಿಯೊದ ಉತ್ತರಕ್ಕಿದ್ದ ವಿಮಾನ ಕಾರ್ಖಾನೆಯಲ್ಲಿ ಕುವಬಾರನ ಕೆಲಸ ಒಂದೇ: ಇನ್ನೂ ಹುಟ್ಟದ ವಿಮಾನದ ತೂಕ ಲೆಕ್ಕ ಹಾಕುವುದು. ಆರು ಎಂಜಿನ್‌ಗಳ ಆ ಮಹಾ ಬಾಂಬರ್ ಪೆಸಿಫಿಕ್ ಸಾಗರ ದಾಟಿ, ಅಮೆರಿಕದ ಮೇಲೆ ಬಾಂಬು ಸುರಿಸಿ, ಹಾಗೆಯೇ ಮುಂದಕ್ಕೆ ಹಾರಿ, ಜರ್ಮನ್ ಗೆಳೆಯರ ಕೈಯಲ್ಲಿದ್ದ ಫ್ರಾನ್ಸಿನಲ್ಲಿ ಇಳಿಯಬೇಕು. ಅಷ್ಟು ಬಲದ ಎಂಜಿನ್ ಇನ್ನೂ ತಯಾರಾಗಿರಲಿಲ್ಲ. ಅಲ್ಯುಮಿನಿಯಂ ಕೂಡ ಇರಲಿಲ್ಲ. ಸಭೆಗಳಿಗೆ ಮಾತ್ರ ಬರವಿರಲಿಲ್ಲ.

ಪ್ರತಿ ಸಭೆಯಲ್ಲೂ ವಿಮಾನ ಮೈ ತುಂಬಿಕೊಳ್ಳುತ್ತಿತ್ತು. ನೌಕಾಪಡೆಯ ಕ್ಯಾಪ್ಟನ್ ತೊಗಾಶಿ ಇಪ್ಪತ್ತು ಟನ್ ಬಾಂಬು ಹೊರಲೇಬೇಕೆಂದರು. ತಾವೇನು ಕಡಿಮೆ ಎಂದು ಭೂಸೇನೆಯ ಕರ್ನಲ್ ಮುರೈ ನೂರಾರು ಮೆಷಿನ್‌ಗನ್ ಕೇಳಿದರು. ಒಬ್ಬರ ಮುಖ ಒಬ್ಬರು ನೋಡದೆಯೇ ಇಬ್ಬರೂ ಹೇಳಿದ್ದು ಒಂದೇ ಮಾತು: ತೂಕ ಇಳಿಯಬೇಕು. ಕುವಬಾರ ತಲೆಬಾಗಿ ಬರೆದುಕೊಂಡ. ಇಡೀ ದೇಶವೇ ಪಡಿತರದ ಗೆಣಸು ತಿಂದು ಸೊರಗುತ್ತಿದ್ದಾಗ ಉಂಡು ತೇಗುತ್ತಿದ್ದದ್ದು ಆ ವಿಮಾನ ಮಾತ್ರ. ಕುವಬಾರನ ಬಸುರಿ ಹೆಂಡತಿ ಶಿಜು ಸಹ ಬಡಕಲಾಗಿದ್ದಳು.

1944ರ ಬೇಸಿಗೆಯಲ್ಲಿ ಫ್ರಾನ್ಸ್ ಜರ್ಮನರ ಕೈತಪ್ಪಿತು. ಮರುವಾರದ ಸಭೆಯಲ್ಲಿ ಕುವಬಾರ ಅಳುಕುತ್ತಲೇ ಕೇಳಿದ.

"ಇನ್ಮೇಲೆ ವಿಮಾನ ಇಳಿಯೋದೆಲ್ಲಿ ಸರ್?"

ಕ್ಯಾಪ್ಟನ್ ಮುಖ ಅರಳಿತು. "ಇಳಿಯೋ ಜಾಗಾನೇ ಇಲ್ಲ ಅಂದ್ಮೇಲೆ ಚಕ್ರ ಯಾಕ್ರೀ? ತೆಗೆದುಹಾಕಿ! ತೂಕ ಉಳೀತಲ್ಲ!"

"ಮೇಲೇಳೋಕಾದ್ರೂ ಚಕ್ರ ಬೇಕಲ್ಲ ಸರ್."

"ಎದ್ಮೇಲೆ ಬಿಸಾಕಿ," ಎಂದರು ಕರ್ನಲ್. ನೌಕಾಪಡೆ ಮತ್ತು ಭೂಸೇನೆ ಒಂದಾದದ್ದನ್ನು ಕುವಬಾರ ಕಂಡದ್ದು ಅಂದೇ ಮೊದಲು.

"ಒಳಗೆ ಹತ್ತು ಜನ ಇರ್ತಾರಲ್ಲ ಸರ್?"

"ಹೌದಲ್ವಾ! ಅವರ ತೂಕ ಎಷ್ಟು?" ಎಂದರು ಕ್ಯಾಪ್ಟನ್.

ಕುವಬಾರ ಲೆಕ್ಕದ ಹಾಳೆ ತಿರುವಿದ. "ಮೊದಲು ತಲಾ ಅರವತ್ತು ಕಿಲೋ ಅಂತ ಹಾಕಿದ್ದೆ. ಈಗಿನ ಪಡಿತರದಲ್ಲಿ ಐವತ್ತು ಸಾಕು," ಎಂದ. ಯಾರೂ ನಗಲಿಲ್ಲ. ಕ್ಯಾಪ್ಟನ್ ಅದನ್ನು ಉಳಿತಾಯವೆಂದು ಗುರುತು ಹಾಕಿಕೊಂಡರು.

ಅಂದು ಕುವಬಾರ ವರದಿಯ ಕೊನೆಗೆ ಒಂದು ಸಾಲು ಸೇರಿಸಿದ: ಈ ವಿಮಾನ ಮೇಲೇಳಲಾರದು, ಎದ್ದರೆ ಮರಳಿ ಬಾರದು. ಸಹಿಯನ್ನೂ ಹಾಕಿದ. ಯಾರಾದರೂ ಬಂದು ತನ್ನನ್ನು ಎಳೆದೊಯ್ಯುತ್ತಾರೆಂದು ಮೂರು ದಿನ ಕಾದ. ಯಾರೂ ಬರಲಿಲ್ಲ. ವರದಿಯನ್ನು ಯಾರೂ ಓದಿರಲಿಲ್ಲ.

ನಾಲ್ಕನೆಯ ದಿನ ಮೇಲಿನಿಂದ ಆಜ್ಞೆ ಬಂತು: ಯೋಜನೆ ರದ್ದು, ನಕ್ಷೆಗಳನ್ನೆಲ್ಲ ಸುಡತಕ್ಕದ್ದು. ಕಾಗದದ ನಕ್ಷೆಗಳನ್ನು ಕುವಬಾರ ನಿಷ್ಠೆಯಿಂದ ಸುಟ್ಟ. ಇನ್ನು ಕೆಲವು, ಬಹುಕಾಲ ಬಾಳಲೆಂದು, ಗಂಜಿ ಹಾಕಿದ ನಯವಾದ ಹತ್ತಿಬಟ್ಟೆಯ ಮೇಲಿದ್ದವು. ಅವನ್ನು ಅಂಗಿಯೊಳಗೆ ಹೊಟ್ಟೆಗೆ ಸುತ್ತಿಕೊಂಡು ಮನೆಗೆ ನಡೆದ.

ಶಿಜು ಬಾಗಿಲಲ್ಲೇ ಬೆಚ್ಚಿದಳು. "ಇದೇನ್ರೀ, ನನಗಿಂತ ನಿಮ್ಮ ಹೊಟ್ಟೇನೇ ಮುಂದಿದೆ!"

ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದಾಗ ಗಂಜಿ ಕರಗಿತು, ಮಸಿ ಬಿಟ್ಟಿತು, ಮಗುವಿನ ಬಟ್ಟೆಗೆ ಹೇಳಿಮಾಡಿಸಿದಂಥ ಅರಿವೆ ಉಳಿಯಿತು. ಅದು ಅಂಗಳದಲ್ಲಿ ಒಣಗುತ್ತಿದ್ದಾಗ ಕೇರಿಯ ಮುಖ್ಯಸ್ಥೆ ಇಸೊಗಾಯಿ ಬಂದು ನಿಂತಳು. ವಿಮಾನ ಕಟ್ಟಲೆಂದು ಮನೆಮನೆಯ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದ ಹೆಂಗಸು ಅವಳೇ.

"ಎಲ್ಲಿಂದ ಬಂತಪ್ಪಾ ಇಂಥಾ ಬಟ್ಟೆ?"

ಕುವಬಾರ ಎದ್ದು ನಿಂತ. "ಸೈನ್ಯದ ರಹಸ್ಯ, ಅಮ್ಮಾ."

ಅವಳು ಬಟ್ಟೆಗೆ ಸೊಂಟ ಬಗ್ಗಿಸಿ ವಂದಿಸಿದಳು. ಆಮೇಲೆ ದನಿ ತಗ್ಗಿಸಿದಳು. "ನನ್ನ ಮೊಮ್ಮಗೂಗೆ ಒಂದು ತುಂಡು ರಹಸ್ಯ ಸಿಗುತ್ತೇನಪ್ಪಾ?"

ಕುವಬಾರ ಅವಳಿಗೆ ವಿಮಾನದ ಬಾಲ ಬರೆದಿದ್ದ ತುಂಡು ಕೊಟ್ಟು, ಎಡರೆಕ್ಕೆಯನ್ನು ಮಗುವಿಗೆ ಉಳಿಸಿಕೊಂಡ.