ಕೊಲ್ಹಾಪುರದ ಗೋಲು

ರಾತ್ರಿ ಹನ್ನೆರಡು ದಾಟಿರಬೇಕು, ಟ್ರಂಕಿನ ಕೊಂಡಿ ಟಕ್ ಎಂದಿತು. ಸದ್ದಾಗಬಾರದೆಂದು ಬೆರಳಿನಿಂದ ತಡೆದು ಎತ್ತಿದ ಹಾಗಿತ್ತು. ನನ್ನ ನಿದ್ದೆ ಮೊದಲಿನಿಂದಲೂ ತೆಳುವು. ಕಣ್ಣು ಬಿಟ್ಟರೆ ನನ್ನ ಗಂಡ ಈಶ್ವರ ನೆಲದ ಮೇಲೆ ಕುಳಿತು ಮೊಬೈಲಿನ ಬೆಳಕಿನಲ್ಲಿ ತಮ್ಮ ಆಟದ ಪ್ರಮಾಣಪತ್ರ ನೋಡುತ್ತಿದ್ದರು.

"ಇಷ್ಟೊತ್ತನ್ಯಾಗ ಏನ್ರಿ ಅದು?"

"ಏನಿಲ್ಲ. ನಾಳೆ ಹುಡುಗ್ರು ಕೇಳಿದ್ರ ಇರ್ಲಿ ಅಂತ. ನೀ ಮಲ್ಕೊ."

ನಮ್ಮ ಮನೆ ನಿಂತಿದ್ದೇ ಆ ಕಾಗದದ ಮೇಲೆ. 2007ರಲ್ಲಿ ಕೊಲ್ಹಾಪುರದಲ್ಲಿ ನಡೆದ ರಾಜ್ಯಮಟ್ಟದ ಶಾಲಾ ಫುಟ್‌ಬಾಲ್ ಪಂದ್ಯಗಳಲ್ಲಿ ನಮ್ಮೂರಿನ ಶಾಲೆ ಗೆದ್ದಿತ್ತು. ಕೊನೆಯ ನಿಮಿಷದ ಗೋಲು ಇವರದು. ಆ ಪತ್ರದಿಂದಲೇ ಕ್ರೀಡಾ ಮೀಸಲಾತಿಯಲ್ಲಿ ಇವರಿಗೆ ಸರ್ಕಾರಿ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಆ ಕೆಲಸ ನೋಡಿಯೇ ನಮ್ಮ ಅಪ್ಪ ವಿಜಯಪುರದಿಂದ ನನ್ನನ್ನು ಗಡಿ ದಾಟಿಸಿ, ಮಹಾರಾಷ್ಟ್ರದ ಮಾಡಗ್ಯಾಳದ ಆಚೆಯ ಈ ಸಣ್ಣ ಊರಿಗೆ ಕೊಟ್ಟರು.

ಮರುದಿನ ಭಾನುವಾರ ಊರಿನ ಫುಟ್‌ಬಾಲ್ ಸಂಘದವರು ನಮ್ಮ ಕಟ್ಟೆಯ ಮೇಲೆ ಕೂಡುವವರಿದ್ದರು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತ್ತು. ಮೈದಾನದ ಹೊಸ ಗೋಡೆಯ ಮೇಲೆ ಸಂಘದ ಅತಿ ದೊಡ್ಡ ಆಟಗಾರ ಎಂದು ಒಬ್ಬರ ಹೆಸರು ಮತ್ತು ಚಿತ್ರ ಬರೆಸಬೇಕು. ಬರೆಯುವವನು ಸೋಮವಾರ ಬೆಳಿಗ್ಗೆಯೇ ಉಮದಿಯಿಂದ ಬರುತ್ತಾನೆ. ಒಂದೇ ಹೆಸರು, ಒಂದೇ ದಿನ.

ಚಹಾ ಕುಡಿದು ಮುಗಿಯುವ ಮೊದಲೇ ಮಾತು ಕಾವೇರಿತ್ತು.

"ದತ್ತಾನ ಹೆಸರ ಬರಸ್ರಿ, ಮುಗೀತು," ಎಂದ ಮಲ್ಲಿನಾಥ. ಅವನು ಇವರ ಶಾಲೆಯ ಗೆಳೆಯ, ಅಂದಿನ ತಂಡದಲ್ಲಿ ಆಡಿದವನು. "ಇಷ್ಟ ವರ್ಷ ಗೋಲಿನ್ಯಾಗ ನಿಂತಾನ. ಸಂಘಕ್ಕ ಮೂರು ಹಲ್ಲ ಕೊಟ್ಟಾನ."

"ಹಲ್ಲ ಕೊಟ್ಟವ್ರನ್ನೆಲ್ಲ ಗ್ವಾಡಿ ಮ್ಯಾಲ ಬರಸೂದಾದ್ರ ದವಾಖಾನ್ಯಾಗ ಯಾದಿ ಕೇಳಬೇಕಾಗ್ತೈತಿ, ಅಣ್ಣ," ಎಂದ ರಾಜಕುಮಾರ. ಇಪ್ಪತ್ತೆರಡರ ಹುಡುಗ, ಈಗಿನ ತಂಡದ ಕ್ಯಾಪ್ಟನ್. ಅವನ ಜೊತೆಗಾರರು ಕಟ್ಟೆ ತಟ್ಟಿ ನಕ್ಕರು.

"ನಗಬ್ಯಾಡ ಮಗನ," ಎಂದ ದತ್ತಾ. "ಉಟಗಿ ಟೀಮಿನವರು ಪೆನಾಲ್ಟಿ ಹೊಡಿಯೂ ಮುಂದ ನಿಮ್ಮಪ್ಪ ಕಣ್ಣ ಮುಚ್ಕೊಂಡ ನಿಂತಿದ್ದ. ನಾ ಹಿಡದೆ."

"ಹಿಡದ್ರಿ. ಆಮ್ಯಾಲ ಮೂರು ಗೋಲ್ ಬಿಟ್ರಿ. ಅಪ್ಪ ಆಗ ಕಣ್ಣ ತಗದಿದ್ನಂತ."

ದತ್ತಾ ಕೂಡ ನಕ್ಕ. ರಾಜಕುಮಾರ ಎದ್ದು ನಿಂತ. "ಹಾಸ್ಯ ಬಿಡ್ರಿ. ರಾಜ್ಯದ ಫೈನಲ್ಲು. ಒಂದಕ್ಕ ಒಂದು. ಕಡೀ ನಿಮಿಷ. ನಾಲ್ಕು ಮಂದೀನ ದಾಟಿ ಎಡಗಾಲಿಲೆ ಹೊಡದ ಗೋಲು. ನಮ್ಮ ಸಂಘದಾಗ ಅದಕ್ಕಿಂತ ದೊಡ್ಡದು ಯಾರ ಮಾಡ್ಯಾರ? ಈಶ್ವರಣ್ಣನ ಹೆಸರ ಆಗಬೇಕು."

ಹುಡುಗರೆಲ್ಲ ಹೌದೆಂದರು. ನಾನು ಬಾಗಿಲಲ್ಲಿ ನಿಂತು ಹಿರಿಯರ ಮುಖ ನೋಡುತ್ತಿದ್ದೆ. ಮಲ್ಲಿನಾಥ ಕಪ್ಪಿನ ತಳ ನೋಡಿದ. ದತ್ತಾ ಮೊಣಕಾಲು ಕೆರೆದುಕೊಂಡ. ಇವರು ಮಾತ್ರ, "ನನ್ನ ಹೆಸರ ಬ್ಯಾಡ. ಒಂದ ಗೋಲಿಗೆ ಯಾರೂ ದೊಡ್ಡವ್ರಾಗೂದಿಲ್ಲ. ದತ್ತಾಂದ ಬರಸ್ರಿ," ಎಂದರು.

ಇವರದು ಸಂಕೋಚ, ಗೆಳೆಯರದು ಹೊಟ್ಟೆಕಿಚ್ಚು ಎಂದುಕೊಂಡೆ. ಇದೇ ಮಲ್ಲಿನಾಥ ಹೆಣ್ಣು ನೋಡಲು ಬಂದಾಗ ನಮ್ಮ ಅಪ್ಪನ ಮುಂದೆ ಎದ್ದು ನಿಂತು, ಈ ಗೋಲನ್ನು ಕೈಕಾಲು ಆಡಿಸಿ ವರ್ಣಿಸಿದ್ದ. ಇಂದು ಅವನ ಬಾಯಿಗೆ ಏನಾಯಿತು? ನಾನು ಗಂಡಸರ ಮಾತಿನ ನಡುವೆ ಸಾಮಾನ್ಯವಾಗಿ ಬಾಯಿ ಹಾಕುವವಳಲ್ಲ. ಅಂದು ಹಾಕಿದೆ.

"ಮಲ್ಲಿನಾಥಣ್ಣ, ಆ ಗೋಲು ನೀವೂ ನೋಡೀರಲ್ರಿ. ಒಂದ ಮಾತರೆ ಆಡ್ರಿ."

"ನೋಡೀನವ್ವ," ಎಂದ, ಅಷ್ಟೇ.

"ಹಂಗಾರ ತುಕಾರಾಮ ಸರ್‌ನ್ನ ಕರಸ್ರಿ. ಕಲಿಸಿದವ್ರ ಹೇಳ್ಲಿ."

"ಅವ್ರಿಗ್ಯಾಕ ತ್ರಾಸು?" ಎಂದರು ಇವರು, ತುಸು ಅವಸರದಲ್ಲಿ. ಅಷ್ಟರಲ್ಲಿ ರಾಜಕುಮಾರ ಗಾಡಿ ಚಾಲೂ ಮಾಡಿದ್ದ.

ಸಂಘ ಕಟ್ಟಿದವರೂ ಶಾಲೆಯ ತಂಡವನ್ನು ಕೊಲ್ಹಾಪುರಕ್ಕೆ ಕರೆದೊಯ್ದವರೂ ತುಕಾರಾಮ ಸರ್. ಆಟದ ಮಾಸ್ತರರಾಗಿ ನಿವೃತ್ತರಾಗಿ ಬಹಳ ವರ್ಷವಾದರೂ ಬಿಳಿ ಕ್ಯಾನ್ವಾಸ್ ಬೂಟು ಬಿಟ್ಟಿಲ್ಲ. ಕಿವಿ ಸ್ವಲ್ಪ ಮಂದ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ರಾಜಕುಮಾರ ವಿಡಿಯೊ ತೆಗೆಯಲು ಮೊಬೈಲ್ ಎತ್ತಿ ಹಿಡಿದು ಜೋರಾಗಿ ಕೇಳಿದ. "ಸರ್, ನಮ್ಮ ಸಂಘದಾಗ ಇಲ್ಲೀತನಕ ಎಲ್ಲಾರಿಗಿಂತ ದೊಡ್ಡ ಆಟಗಾರ ಯಾರ್ರಿ?"

ಸರ್ ಯೋಚಿಸಲೇ ಇಲ್ಲ. "ಅಮೋಗಸಿದ್ದ."

"ಯಾವ ಅಮೋಗಸಿದ್ದ್ರಿ? ಕುರಿ ಕಾಯ್ತಾನಲ್ಲ, ಅವನಾ?"

"ಅವನ. ಕೊಲ್ಹಾಪುರದಾಗ ಗೋಲ್ ಹೊಡದಾಂವ."

"ಅದು ಈಶ್ವರಣ್ಣ ಹೊಡದದ್ದರಿ, ಸರ್."

"ಹೆಸರು ಈಶ್ವರಂದು," ಎಂದರು ಸರ್. "ಕಾಲು ಅಮೋಗಸಿದ್ದಂದು."

ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಅದನ್ನು ಬಾಗಿಲ ಬದಿಗೆ ಇಟ್ಟೆ.

ಸರ್‌ಗೆ ಹಳೆಯ ಹುರುಪು ಬಂದಿತ್ತು. "ಈಶ್ವರಗ ಗದ್ದಬಾವು ಆಗಿ ಮನ್ಯಾಗ ಮಲಗಿದ್ದ. ನನ್ನ ಕಡೆ ಬ್ಯಾರೆ ಹುಡುಗ ಇರಲಿಲ್ಲ. ಅಮೋಗಸಿದ್ದ ಕುರಿ ಹಿಂದ ಹೋಗಾಕ ನಾಲ್ಕನೇತ್ತಾಗ ಸಾಲಿ ಬಿಟ್ಟಾಂವ, ಹಜೇರ್ಯಾಗ ಹೆಸರಿಲ್ಲ. ಆದ್ರ ಕಾಲಂದ್ರ ಕಾಲು! ಈಶ್ವರನ ಹೆಸರಿನ ಆಟಗಾರರ ಚೀಟಿಗೆ ಅವನ ಫೋಟೋ ನಾನ ಹಚ್ಚಿದೆ. ಮೂರು ದಿನ ಅವನ್ನ ಈಶ್ಯಾ ಅಂತನ ಕರೀಬೇಕಂತ ಎಲ್ಲಾರ್ಗೂ ತಾಕೀತು ಮಾಡಿದ್ದೆ. ಗೋಲ್ ಬಿದ್ದಾಗೂ ಈಶ್ಯಾ, ಈಶ್ಯಾ ಅಂತನ ಕುಣದ್ರು. ಇವ, ಈ ಮಲ್ಲಿನಾಥ, ಅವನ್ನ ಹೆಗಲ ಮ್ಯಾಲ ಹೊತ್ತಿದ್ದ. ಹೌದಿಲ್ಲೋ?"

ಮಲ್ಲಿನಾಥ ನಕ್ಕ, ಬಹಳ ದೊಡ್ಡದಾಗಿ. "ಸರ್, ನಿಮಗ ಬಿಸಲ ಬಡದೈತಿ. ಈ ಕಡೆ ನೆಳ್ಳಿಗೆ ಬರ್ರಿ." ದತ್ತಾ ನಕ್ಕ. ಹುಡುಗರೂ ಅರ್ಧಂಬರ್ಧ ನಕ್ಕರು. ಸರ್ ಒಬ್ಬೊಬ್ಬರ ಮುಖ ನೋಡಿದರು, ಇದರಲ್ಲಿ ನಗುವುದೇನಿದೆ ಎನ್ನುವಂತೆ.

ಇವರು ನಗಲಿಲ್ಲ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಆ ಮುಖದ ಪ್ರತಿ ಬದಲಾವಣೆ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅಂದಿನ ಮುಖ ನೋಡಿರಲಿಲ್ಲ. "ನಡ್ರಿ ಸರ್, ಮನಿಗೆ ಬಿಡ್ತೀನಿ," ಎಂದು ಅವರ ಕೈ ಹಿಡಿದು ಎಬ್ಬಿಸಿದರು.

ಎಲ್ಲರೂ ಹೋದ ಮೇಲೆ ಒಲೆಯ ಮುಂದೆ ಸುಮ್ಮನೆ ಕುಳಿತೆ. ದಾರಿಯಲ್ಲಿ ಯಾರೇ ಸಿಕ್ಕರೂ ಇವರು ಗಾಡಿಯ ಮೇಲಿಂದಲೇ ಕೈ ಎತ್ತುವವರು. ಅಮೋಗಸಿದ್ದನ ಕುರಿಹಿಂಡು ಕಂಡರೆ ಮಾತ್ರ ಗಾಡಿ ನಿಲ್ಲಿಸಿ, ಕೆಳಗಿಳಿದು ಮಾತಾಡುತ್ತಿದ್ದರು. ಕುರುಬರ ಮೇಲೆ ಪ್ರೀತಿ ಎಂದು ನಾನು ತಿಳಿದಿದ್ದೆ. ಆ ತಂಡದ ಹುಡುಗರೆಲ್ಲ ಈಗ ಹೆಂಡಿರು ಮಕ್ಕಳ ಜೊತೆ ಬಂದು ನನ್ನ ಕೈಯಡಿಗೆ ಉಂಡು ಹೋಗುವ ಗಂಡಸರು. ಅವರೆಲ್ಲರಿಗೂ ಗೊತ್ತು. ನಮ್ಮ ಅಪ್ಪನ ಮುಂದೆ ಕೈಕಾಲು ಆಡಿಸಿದವನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ, ಸರ್ ಅವರನ್ನು ಕರೆಸಿದವಳೂ ನಾನೇ.

ಸುಳ್ಳು ಕ್ರೀಡಾ ಪ್ರಮಾಣಪತ್ರ ತೋರಿಸಿ ಸೇರಿದವರನ್ನು ಕೆಲಸದಿಂದ ತೆಗೆದ ಸುದ್ದಿ ಪತ್ರಿಕೆಯಲ್ಲಿ ಓದಿದ್ದೆ. ತೆಗೆಯುವುದಷ್ಟೇ ಅಲ್ಲ, ಪೊಲೀಸರು ಮನೆಗೆ ಬರುತ್ತಾರೆ. ಆಗ ರಾಜಕುಮಾರನ ಮೊಬೈಲ್ ನೆನಪಾಯಿತು.

ಮಧ್ಯಾಹ್ನ ಅವನೇ ಬಂದ. ಒಳಗೆ ಬಾರದೆ ಹೊಸ್ತಿಲ ಆಚೆ ನಿಂತ.

"ವೈನಿ, ಒಂದ ಮಾತ ಕೇಳ್ಲಿ? ಹಿರ್ಯಾರು ಯಾರೂ ನೆಟ್ಟಗ ಹೇಳವಲ್ಲರು. ನೀವು ಸುಳ್ಳ ಹೇಳೂದಿಲ್ಲ. ಸರ್ ಅಂದದ್ದು ಖರೇನ?"

"ಯಾಕ ಕೇಳ್ತಿ?"

"ಖರೆ ಇದ್ರ ಅಮೋಗಸಿದ್ದಣ್ಣನ ಹೆಸರ ಬರಸ್ತೀವ್ರಿ. ಅಂಥಾ ಗೋಲ್ ಹೊಡದು ಕುರಿ ಕಾಯ್ಕೋತ ಸುಮ್ಮ ಅದಾನಂದ್ರ! ಸರ್ ಮಾತಾಡಿದ್ದು ಎಲ್ಲಾ ರೆಕಾರ್ಡ್ ಐತಿ. ಗ್ರೂಪಿಗೆ ಹಾಕಿದ್ರ ಮಂದಿನೂ ಒಪ್ತಾರ."

ಅವನ ಮುಖದಲ್ಲಿ ಕೆಡುಕಿನ ಸುಳಿವೇ ಇರಲಿಲ್ಲ. ನ್ಯಾಯ ಮಾಡಲು ಹೊರಟ ಹುಡುಗ. ಕೆಲಸದ ಯೋಚನೆ ಅವನಿಗೆ ಹೊಳೆದೇ ಇರಲಿಲ್ಲ. ಸಂಘದ ಗ್ರೂಪಿನಲ್ಲಿ ಇನ್ನೂರು ಜನ. ಇವರ ಕಚೇರಿಯವರೂ ಇದ್ದಾರೆ.

ನಾನು ಪದಗಳನ್ನು ಅಳೆದು ಆಡುವವಳು. ಅಂದೂ ಅಳೆದೆ.

"ಹೋದ ತಿಂಗಳ ಸರ್ ನಮ್ಮ ಮನಿಗೆ ಬಂದಿದ್ರು, ರಾಜು. ನನ್ನ ಹೆಸರ ಎರಡ ಸಲ ಕೇಳಿದ್ರು."

ಅದು ನಿಜ. ಅಂದು ಹೊರಗೆ ಟ್ರ್ಯಾಕ್ಟರ್ ನಿಂತು ಗದ್ದಲ ಮಾಡುತ್ತಿತ್ತು, ಮೊದಲ ಸಲ ಅವರಿಗೆ ಕೇಳಿಸಿರಲಿಲ್ಲ. ಆ ಭಾಗವನ್ನು ನಾನು ಹೇಳಲಿಲ್ಲ.

ರಾಜಕುಮಾರ ನನ್ನನ್ನೇ ನೋಡಿದ. "ಅಂದ್ರ ಸರ್‌ಗ..."

"ನಾ ಏನೂ ಅನ್ನೂದಿಲ್ಲಪ್ಪ. ವಯಸ್ಸಾದವ್ರು. ಅವರ ಮಾತು ಊರ ತುಂಬ ತಿರುಗಿ ನಾಕ ಮಂದಿ ನಕ್ರ ಚಲೋ ಕಾಣ್ತೈತೇನು, ನೋಡು."

ಅವನ ಕಣ್ಣಲ್ಲಿ ನೀರು ಬಂತು. ನನ್ನೆದುರೇ ಮೊಬೈಲ್ ತೆಗೆದು, ವಿಡಿಯೊ ಅಳಿಸಿ ತೋರಿಸಿದ. "ಭಾಳ ಉಪಕಾರ ಆತು ವೈನಿ. ನಾ ಎಂಥಾ ತಪ್ಪ ಮಾಡ್ತಿದ್ದೆ. ಹಂಗಾರ ಈಶ್ವರಣ್ಣನ ಹೆಸರ ಬರಸ್ತೀವಿ, ಯಾರ ಬ್ಯಾಡಂದ್ರೂ ಕೇಳೂದಿಲ್ಲ," ಎಂದು ಹೋದ.

ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಇಷ್ಟು ಸಲೀಸಾಗಿ ಮಾಡಿದೆನಲ್ಲ ಎಂದು ನನ್ನ ಕೈಗಳನ್ನೇ ನೋಡಿಕೊಂಡೆ.

ಸಂಜೆಯ ಹೊತ್ತಿಗೆ ಸರ್‌ಗೆ ಅರಳುಮರಳು ಎಂಬ ಮಾತು ಕಿರಾಣಿ ಅಂಗಡಿಯವರೆಗೂ ಮುಟ್ಟಿತ್ತು. ಸುದ್ದಿ ಕೇಳಿ ಇವರು ಮತ್ತೆ ಅವರ ಮನೆಗೆ ಹೋದರು. ಬಂದವರು ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕುಳಿತರು.

"ಸರ್ ಹೇಳಿದ್ದು ಖರೆ," ಎಂದರು, ನನ್ನ ಕಡೆ ನೋಡದೆ. "ನಿನಗ ಮದಲ ಹೇಳಬೇಕಿತ್ತು. ನಿನ್ನೆ ರಾತ್ರಿನೂ ಅದಕ್ಕ ಎದ್ದಿದ್ದೆ, ಧೈರ್ಯ ಆಗಲಿಲ್ಲ."

"ನನಗ ತಿಳೀತ್ರಿ."

"ಸರ್ ಮನ್ಯಾಗ ಸುಮನಬಾಯಿ ಅಳಾಕತ್ತಾರ. ಗಂಡನ್ನ ಹೊರಗ ಬಿಡೂದಿಲ್ಲ ಅಂತಾರ. ಸರ್ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಈಶ್ವರ, ನೀನರೆ ಹೇಳೋ, ಆವತ್ತ ಗೋಲ್ ಹೊಡದಾಂವ ನೀನ ಏನು, ನನಗ ಖರೇನ ಮರವು ಬಂತೇನು ಅಂತ."

"ನೀವೇನಂದ್ರಿ?"

"ಹೂಂ, ನಾನ ಹೊಡದದ್ದು ಅಂದೆ."

ಒಳಗೆ ಮಗಳು ಸೃಷ್ಟಿ ಪಾಠ ಓದುತ್ತಿದ್ದಳು. ನಾನು ತಾಟು ಇಟ್ಟು ರೊಟ್ಟಿ ಬಡಿಸಿದೆ. ಇವರು ಮುಟ್ಟಲಿಲ್ಲ.

"ನಂದು ಇರ್ಲಿ, ನಾ ಹೆದರಿ ಅಂದೆ," ಎಂದರು. "ಆದ್ರ ಅಂಥಾ ಮನಶಾಗ ಹುಚ್ಚ ಅಂತ ಊರಾಗ ಹಬ್ಬಿಸಿದಾಂವ ಯಾವ? ಅವನ ಮಾರಿ ನಾ ಜೀವಮಾನದಾಗ ನೋಡೂದಿಲ್ಲ. ರಾಜ್ಯಾ ಇಲ್ಲಿಗೆ ಬಂದಿದ್ನೇನು?"

"ಬಂದಿದ್ದ. ನಿಮ್ಮ ಹೆಸರ ಬರಸ್ತೀವಂತ ಹೇಳಿ ಹೋದ," ಎಂದೆ.

ಅದೂ ನಿಜವೇ. ಉಳಿದದ್ದನ್ನು ಇವರಿಗಾಗಲಿ, ಇನ್ನಾರಿಗಾಗಲಿ ಹೇಳಬಾರದೆಂದು ನಿರ್ಧರಿಸಿ, ಪಲ್ಯದ ಬೋಗುಣಿಯನ್ನು ಅವರ ಮುಂದೆ ಸರಿಸಿದೆ.