ಸೊನ್ನೆ ಮೇಡಂ ತೂಗಿದ ಪೆಟ್ಟಿಗೆ

ಅಂಗಡಿ ಯಾವುದೇ ಇರಲಿ, ನನ್ನ ಅತ್ತಿಗೆ ಒಳಗೆ ಕಾಲಿಟ್ಟ ಕೂಡಲೇ ನೋಡುವುದು ಸರಕನ್ನಲ್ಲ, ಅಂಗಡಿಯವನ ಮುಖವನ್ನೂ ಅಲ್ಲ, ಖಾಲಿ ತಕ್ಕಡಿಯನ್ನು. ತೋರುಬೆರಳಿನ ತುದಿಯಿಂದ ತಟ್ಟೆಯನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಟ್ಟು, ಮುಳ್ಳು ಅತ್ತಿತ್ತ ಓಲಾಡಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗೂ ಉಸಿರು ಬಿಗಿಹಿಡಿದವರಂತೆ ಕಾದು, "ಮೊದಲು ಸೊನ್ನೆ ತೋರಿಸಿ, ಆಮೇಲೆ ಮಾತು" ಎನ್ನುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಇನ್ಸ್‌ಪೆಕ್ಟರ್ ಆಗಿರುವ ಅವರಿಗೆ ಮಾರುಕಟ್ಟೆ ಇಟ್ಟ ಹೆಸರೇ ಸೊನ್ನೆ ಮೇಡಂ. ಒಮ್ಮೆ ಜ್ವರವೆಂದು ವೈದ್ಯರ ಬಳಿ ಹೋದಾಗ, ತೂಕದ ಯಂತ್ರದ ಮೇಲೆ ಹತ್ತುವ ಮೊದಲು ಅದನ್ನೂ ದಿಟ್ಟಿಸಿ, "ಡಾಕ್ಟ್ರೇ, ಇದು ಖಾಲಿ ಇದ್ದಾಗಲೇ ಒಂದೂವರೆ ಕಿಲೋ ತೋರಿಸ್ತಿದೆ. ನಿಮ್ಮ ಪೇಷೆಂಟ್‌ಗಳೆಲ್ಲ ಸುಮ್ಸುಮ್ನೆ ಪಥ್ಯ ಮಾಡ್ತಿದಾರೆ" ಎಂದು ಹೇಳಿ, ಮಾತ್ರೆಯ ಚೀಟಿಗಿಂತ ಮೊದಲು ಯಂತ್ರವನ್ನು ಸರಿಮಾಡಿಸಿದವರು.

ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು. ತೂಕದ ಬಟ್ಟುಗಳ ಕಬ್ಬಿಣದ ಪೆಟ್ಟಿಗೆಯನ್ನು ಬಲಗೈಯಲ್ಲಿ ಹೊತ್ತು ಹೊತ್ತು ದೇಹವೇ ಎಡಕ್ಕೆ ವಾಲುವುದನ್ನು ಕಲಿತುಬಿಟ್ಟಿದೆ. ಕೈಯಲ್ಲಿ ಏನೂ ಇಲ್ಲದ ದಿನವೂ ಕಾಣದ ಭಾರವೊಂದನ್ನು ಸರಿದೂಗಿಸುತ್ತಲೇ ನಡೆಯುತ್ತಾರೆ. ಋತು ಯಾವುದಾದರೂ ಮೈಮೇಲೆ ಬೂದುಬಣ್ಣದ ಉದ್ದನೆಯ ಕೋಟು, ಅದರ ಒಳಜೇಬಿನಲ್ಲಿ ಒಂದು ಚಿಮಟ, ಒಂದು ಮೆತ್ತನೆಯ ಬಟ್ಟೆ. ಬಟ್ಟುಗಳನ್ನು ಅವರು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆರಳಿನ ಬೆವರು ಕೂಡ ತೂಕವೇ ಎನ್ನುವುದು ಅವರ ವೃತ್ತಿಯ ಮೊದಲ ಪಾಠ, ಬಹುಶಃ ಬಾಳಿನ ಮೊದಲ ಪಾಠವೂ.

ಇಂಥವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟೀವಿಯ ಮುಂದಿನ ಬೆತ್ತದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ವೀಡಿಯೊ ಗೇಮ್ ಆಡುತ್ತಿದ್ದರು ಎಂದರೆ ನಂಬದವರೇ ಹೆಚ್ಚು. ಅದು ಸಮುದ್ರಯಾನದ ಆಟ. ಒಂದು ತೆಪ್ಪದಿಂದ ಆರಂಭಿಸಿ, ಹಲಗೆಗೆ ಹಲಗೆ ಸೇರಿಸಿ ಹಡಗು ಕಟ್ಟಬೇಕು, ಬಿರುಗಾಳಿ ದಾಟಬೇಕು, ಬೇರೆ ಬೇರೆ ಊರುಗಳಲ್ಲಿ ಕುಳಿತ ಆಟಗಾರರ ಜೊತೆ ಕೂಡಿ ದ್ವೀಪಗಳನ್ನು ಹುಡುಕಬೇಕು. ಹನ್ನೊಂದು ವರ್ಷಗಳಲ್ಲಿ ಅತ್ತಿಗೆ ಕಟ್ಟಿದ ಹಡಗಿನಲ್ಲಿ ದುಡ್ಡು ಕೊಟ್ಟು ಕೊಂಡ ಒಂದು ಮೊಳೆಯೂ ಇರಲಿಲ್ಲ. ಪ್ರತಿ ಹಾಯಿ, ಪ್ರತಿ ಹಗ್ಗವೂ ಆಡಿ ಸಂಪಾದಿಸಿದ್ದು. ನಲವತ್ತು ಜನರ ತಂಡ ಅವರನ್ನು ಕ್ಯಾಪ್ಟನ್ ಎನ್ನುತ್ತಿತ್ತು. ಕನ್ನಡಕದ ಅಂಗಡಿ ಇಟ್ಟಿರುವ ನನ್ನ ಅಣ್ಣ, ಚಹಾ ಲೋಟ ತಂದು ಅವರ ಪಕ್ಕದಲ್ಲಿಡುತ್ತ, "ನಮ್ಮನೇಲಿ ಕ್ಯಾಪ್ಟನ್ ಒಬ್ಬರೇ ಕಣೋ, ನಾನು ಬರೀ ಕ್ಯಾಂಟೀನು" ಎನ್ನುತ್ತಿದ್ದ. ಆ ದನಿಯಲ್ಲಿ ದೂರು ಒಂದು ಪಾಲು, ಹೆಮ್ಮೆ ಮೂರು ಪಾಲು.

ಆ ಆಟವನ್ನು ಅವರು ಪೂರ್ತಿ ಬೆಲೆ ತೆತ್ತು ಕೊಂಡಿದ್ದರು. ಕೊಂಡ ಮೇಲೆ ಅದು ನಮ್ಮದು ಎಂದುಕೊಳ್ಳುವುದು ಮನುಷ್ಯ ಸಹಜ. ಆದರೆ ಈ ಗೇಮ್ ಕಂಪನಿಗಳ ನಿಘಂಟಿನಲ್ಲಿ ಮಾರಾಟ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ: ಮನೆ ಮಾರಿ, ಕಿಟಕಿಯನ್ನು ಬೇರೆಯಾಗಿ ಮಾರಿ, ಕಿಟಕಿಯಿಂದ ಬರುವ ಬೆಳಕಿಗೆ ತಿಂಗಳ ಚಂದಾ ಕೇಳುವುದು. ಮೊದಮೊದಲು ಬಣ್ಣಕ್ಕೆ ದುಡ್ಡು ಕೇಳಿದರು, ಹೋಗಲಿ ಎಂದೆವು. ಆಮೇಲೆ ಗಾಳಿಗೆ ಕೇಳಿದರು: ಮೂರು ಗಂಟೆ ಆಡಿದರೆ ಗಾಳಿ ನಿಲ್ಲುತ್ತದೆ, ಮತ್ತೆ ಬೀಸಬೇಕಾದರೆ ಹನ್ನೆರಡು ಗಂಟೆ ಕಾಯಬೇಕು, ಇಲ್ಲವೇ ಕಾಸು ಬಿಚ್ಚಬೇಕು. ಕೊನೆಗೆ ಬಂದದ್ದು ಅದೃಷ್ಟದ ಪೆಟ್ಟಿಗೆ. ಒಳಗೇನಿದೆಯೆಂದು ತಿಳಿಯದೆ ಕೊಳ್ಳಬೇಕಾದ ಪೆಟ್ಟಿಗೆ. ತೆರೆದರೆ ಹೆಚ್ಚಿನ ಸಲ ಒಂದು ಹಳೆ ಹಗ್ಗ, ಅಪರೂಪಕ್ಕೊಮ್ಮೆ ಚಿನ್ನದ ಹಾಯಿ. ಆ ಹಾಯಿ ಇಲ್ಲದೆ ಹೊಸ ದ್ವೀಪಗಳನ್ನು ಮುಟ್ಟುವುದು ಅಸಾಧ್ಯ. ನೂರು ಪೆಟ್ಟಿಗೆಗೆ ಐದರಲ್ಲಿ ಹಾಯಿ ಸಿಗುತ್ತದೆಂದು ಮುಚ್ಚಳದ ಮೇಲೆಯೇ ಬರೆದಿತ್ತು.

ನಾನು ಪತ್ರಿಕೆಯ ನನ್ನ ಅಂಕಣದಲ್ಲಿ ಕೂಗಾಡಿದೆ, ಆಟಗಾರರು ಅಂತರ್ಜಾಲದ ತಮ್ಮ ವೇದಿಕೆಗಳಲ್ಲಿ ಬೈದಾಡಿದರು. ಅತ್ತಿಗೆ ಕೂಗಲಿಲ್ಲ. "ಬೆಲೆ ಜಾಸ್ತಿ ಅನ್ನೋದು ನನ್ನ ಇಲಾಖೆಗೆ ಬರೋದಿಲ್ಲಪ್ಪಾ" ಎಂದರು. "ಬರೆದಷ್ಟು ಕೊಡ್ತಾರಾ ಅನ್ನೋದು ಬರುತ್ತೆ."

ಅವರು ತೂಗಲು ಹೊರಟರು.

ಮೊದಲ ಸಲ ತಪ್ಪಿದರು, ಮತ್ತು ತಪ್ಪಿದ್ದು ತಮ್ಮ ಸಜ್ಜನಿಕೆಯಿಂದಲೇ. ಪರೀಕ್ಷೆಗೆಂದು ಗಿರಾಕಿಯ ಜೇಬಿಗೆ ಕೈ ಹಾಕಬಾರದೆಂಬುದು ಅವರ ವೃತ್ತಿಯ ನಿಯಮ. ಆದ್ದರಿಂದ, ಆಟದ ವಾರ್ಷಿಕೋತ್ಸವಕ್ಕೆ ಕಂಪನಿ ಪುಕ್ಕಟೆ ಹಂಚಿದ್ದ ಪೆಟ್ಟಿಗೆಗಳನ್ನೇ ತಂಡದವರಿಂದ ತೆರೆಸಿದರು. ನಾನೂರು ಪೆಟ್ಟಿಗೆ, ಇಪ್ಪತ್ತು ಹಾಯಿ ಬರಬೇಕಿತ್ತು, ಬಂದದ್ದು ಒಂಬತ್ತು. ಅದನ್ನು ಅವರು ಆಟಗಾರರ ವೇದಿಕೆಯಲ್ಲಿ ಪ್ರಕಟಿಸಿದರು, ನಾನು ಅಂಕಣದಲ್ಲಿ ಕಹಳೆ ಊದಿದೆ. ನಾಲ್ಕನೆಯ ದಿನ ಕಂಪನಿಯ ಉತ್ತರ ಬಂತು: ಉಡುಗೊರೆಯ ಪೆಟ್ಟಿಗೆಗಳ ಲೆಕ್ಕವೇ ಬೇರೆ, ಅದರಲ್ಲಿ ನೂರಕ್ಕೆ ಎರಡು, ಹಾಗೆಂದು ಇಂಥ ಪುಟದ ಇಂಥ ಮೂಲೆಯಲ್ಲಿ ಬರೆದೇ ಇದೆ. ಬರೆದಿತ್ತು. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಆದರೂ ಬರೆದಿತ್ತು. ಸುಳ್ಳು ಹರಡುವವರ ಖಾತೆಯನ್ನು ಇನ್ನು ಮುಂದೆ ಮುಲಾಜಿಲ್ಲದೆ ಮುಚ್ಚಲಾಗುವುದು ಎಂಬ ಎಚ್ಚರಿಕೆಯೂ ಅದರ ಬಾಲಕ್ಕೆ ಅಂಟಿಕೊಂಡಿತ್ತು. ಖಾತೆ ಮುಚ್ಚಿದರೆ ಹಡಗೂ ಅದರೊಂದಿಗೇ ಹೋಗುತ್ತದೆ.

ಅಂದು ಸಂಜೆ ಅವರು ಕೋಟು ಕೂಡ ಬಿಚ್ಚದೆ ನನ್ನ ಕೋಣೆಗೆ ಬಂದು ನಿಂತರು.

"ನನ್ನ ತೂಕದ ಬಟ್ಟೇ ತಪ್ಪಿತ್ತು. ನಾಳೆ ಬರಿ."

"ಅತ್ತಿಗೆ, ಅವರು ಕಳ್ಳರು ಅನ್ನೋದು ಊರಿಗೆಲ್ಲ ಗೊತ್ತು. ಒಂದು ಲೆಕ್ಕ ತಪ್ಪಾದ್ರೆ ಏನಂತೆ? ಸುಮ್ನಿದ್ದುಬಿಡಿ."

"ಗೊತ್ತಿರೋದು ಬೇರೆ, ತೂಗಿದ್ದು ಬೇರೆ ಕಣೋ. ಬರಿ."

ಬರೆದೆ. ಹಲ್ಲು ಕಚ್ಚಿಕೊಂಡು ಬರೆದೆ. ವೇದಿಕೆಯಲ್ಲಿ ಅವರು ತಮ್ಮದೇ ಮಾತಿನಲ್ಲಿ, ಮೂರೇ ಸಾಲಿನಲ್ಲಿ, ತಪ್ಪು ನನ್ನದು, ಕಂಪನಿ ಹೇಳಿದ್ದು ಸರಿ ಎಂದು ಒಪ್ಪಿಕೊಂಡರು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ. ಕಂಪನಿಯವರು ನಕ್ಕದ್ದಕ್ಕಿಂತ ಹೆಚ್ಚಾಗಿ ನಮ್ಮವರೇ ಉಗಿದರು. ಕಂಪನಿಯಿಂದ ಎಷ್ಟು ತಿಂದರು ಎಂದು ಒಬ್ಬ ಕೇಳಿದ. ಇನ್ನೊಬ್ಬ, ಆಂಟಿ ಹೋಗಿ ತರಕಾರಿ ತೂಗಲಿ ಎಂದ. ತಂಡದ ಒಂಬತ್ತು ಮಂದಿ ಬಿಟ್ಟುಹೋದರು. ಅತ್ತಿಗೆ ಒಬ್ಬರಿಗೂ ಉತ್ತರ ಕೊಡಲಿಲ್ಲ. ತರಕಾರಿ ತೂಗಲಿ ಎಂದವನ ಮಾತಿಗೆ ಮಾತ್ರ, "ಅದನ್ನೇ ತಾನೇ ಮಾಡ್ತಿರೋದು" ಎಂದು ತಮ್ಮಷ್ಟಕ್ಕೆ ನಕ್ಕರು.

ಉಳಿದ ಮೂವತ್ತೊಂದು ಮಂದಿಯಲ್ಲಿ ಒಬ್ಬ ಆಂಬ್ಯುಲೆನ್ಸ್ ಚಾಲಕನಿದ್ದ. ತಂಡದ ಉಪನಾಯಕ, ಬಾಯಿ ತೆರೆದರೆ ತಮಾಷೆ. ಅವನು ಒಂದು ಭಾನುವಾರ ಗೊಣಗಿದ್ದು ಹೆಡ್‌ಫೋನಿನಾಚೆಗೂ ಕೇಳಿಸಿತು: "ಕ್ಯಾಪ್ಟನ್, ನಮ್ಮ ಭಾವಮೈದ ಆಟಕ್ಕೆ ಸೇರಿ ಎರಡು ವಾರ ಆಗಿಲ್ಲ, ಚಿನ್ನದ ಹಾಯಿ ಎರಡು ಬಂತು. ನಾನು ಎಂಟು ವರ್ಷದಿಂದ ಆಡ್ತಿದೀನಿ, ಇನ್ನೂ ಹಗ್ಗ ಎಣಿಸ್ತಾ ಕೂತಿದೀನಿ. ಬಟ್ಟೆ ಒಣಗಿಸೋ ಹಗ್ಗದ ಅಂಗಡೀನೇ ಇಡಬಹುದು."

ಅತ್ತಿಗೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ವೃತ್ತಿ ಮಾತಾಡಿದ್ದು ಆಗ. ಹಿಂದೊಮ್ಮೆ ಅವರು ಹಿಡಿದಿದ್ದ ಒಬ್ಬ ವರ್ತಕ ಎರಡು ತಕ್ಕಡಿ ಇಟ್ಟುಕೊಂಡಿದ್ದನಂತೆ. ಸರಿಯಾದದ್ದು ಹೊಸ ಗಿರಾಕಿಗಳಿಗೆ, ಕಳ್ಳ ತಕ್ಕಡಿ ಹಳಬರಿಗೆ. ಏಕೆಂದರೆ ಹೊಸಬ ಮುಳ್ಳನ್ನು ದಿಟ್ಟಿಸಿ ನೋಡುತ್ತಾನೆ. ಹತ್ತು ವರ್ಷದ ಗಿರಾಕಿ ಕುಶಲ ವಿಚಾರಿಸುತ್ತ ಚೀಲ ಚಾಚುತ್ತಾನೆ. ನಂಬಿಕೆ ಎಲ್ಲಿ ಗಟ್ಟಿಯೋ ಅಲ್ಲೇ ಕನ್ನ ಹಾಕುವ ಆ ಜಾಣತನವನ್ನು ಅತ್ತಿಗೆ ಮರೆತಿರಲಿಲ್ಲ.

ಈ ಸಲ ಎರಡು ತಿಂಗಳು ಹಿಡಿಯಿತು. ಯಾರಿಗೂ ಕೊಳ್ಳಿ ಎಂದು ಹೇಳಲಿಲ್ಲ. ಹೇಗೂ ಕೊಳ್ಳುವ ತಂಡದವರೂ ಆಟಕ್ಕೆ ಹೊಸದಾಗಿ ಸೇರಿದವರೂ ಪೆಟ್ಟಿಗೆ ತೆರೆಯುವಾಗ ಪರದೆಯನ್ನು ವೀಡಿಯೊ ಮಾಡಿ ಕಳಿಸಲಿ ಎಂದರು. ಪ್ರತಿಯೊಂದನ್ನೂ ತಾವೇ ನೋಡಿದರು. ಯಾವ ಬಗೆಯ ಪೆಟ್ಟಿಗೆ, ಯಾವ ದಿನ, ಆಟಗಾರ ಎಷ್ಟು ಹಳಬ ಎಂದು ಗುರುತು ಹಾಕಿದರು. ಅನುಮಾನ ಬಂದದ್ದನ್ನು ಪಕ್ಕಕ್ಕಿಟ್ಟರು. ಹಳಬರ ಸಾವಿರದ ಇನ್ನೂರು ಪೆಟ್ಟಿಗೆಗಳಲ್ಲಿ ಹಾಯಿ ಬಂದದ್ದು ಇಪ್ಪತ್ತಮೂರು. ತಿಂಗಳೂ ತುಂಬದ ಹೊಸಬರ ಅಷ್ಟೇ ಪೆಟ್ಟಿಗೆಗಳಲ್ಲಿ ಅರವತ್ತೊಂದು. ಮುಚ್ಚಳದ ಮೇಲಿನ ಮಾತು ಹೊಸಬರಿಗೆ ನಿಜ, ಹಳಬರಿಗೆ ಸುಳ್ಳು. ತನ್ನನ್ನು ಹೆಚ್ಚು ಪ್ರೀತಿಸಿದವರಿಗೇ ಹೆಚ್ಚು ಮೋಸ ಮಾಡುವ ತಕ್ಕಡಿಯನ್ನು ಆ ಕಂಪನಿ ಕಟ್ಟಿತ್ತು.

ನಾಲ್ಕು ಪುಟದ ವರದಿ ಬರೆದರು, ಇಲಾಖೆಯ ತಪಾಸಣಾ ವರದಿಯ ಧಾಟಿಯಲ್ಲಿ, ಒಂದೇ ಒಂದು ವಿಶೇಷಣವಿಲ್ಲದೆ. ಓದಲು ಕೊಟ್ಟರೆ ನಾನು ಸುಮ್ಮನಿರುವವನೇ? ಎರಡು ಕಡೆ 'ಹಗಲು ದರೋಡೆ' ಸೇರಿಸಿದೆ. ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. "ದರೋಡೆಗೆ ಬೇರೆ ಇಲಾಖೆ ಇದೆ. ನಾನು ತೂಕದವಳು."

ಅದಕ್ಕೂ ಮಿಗಿಲಾದ ಹುಚ್ಚೊಂದನ್ನು ಮಾಡಿದರು. ವರದಿಯನ್ನು ಜಗತ್ತಿಗೆ ತೋರಿಸುವ ಮೊದಲು ಕಂಪನಿಗೇ ಕಳಿಸಿ, ಹದಿನೈದು ದಿನಗಳ ಕಾಲಾವಕಾಶ ಕೊಟ್ಟರು. ಅಣ್ಣ ತಲೆ ಚಚ್ಚಿಕೊಂಡ. "ಅಲ್ವೇ, ಕಳ್ಳನ ಮನೆಗೆ ಹೋಗಿ, ಸೋಮವಾರ ಹಿಡಿಯೋಕೆ ಬರ್ತೀನಿ ಅಂತ ಹೇಳಿ ಬಂದ ಹಾಗಾಯ್ತಲ್ಲೇ! ಅಷ್ಟರಲ್ಲಿ ನಿನ್ನ ಹಡಗು ಮುಳುಗಿಸ್ತಾರೆ."

"ಮುಳುಗಿಸ್ಲಿ. ತಿದ್ಕೊಳ್ಳೋಕೆ ಅವಕಾಶ ಕೊಡದೆ ನಾನು ಯಾವ ಅಂಗಡಿಗೂ ಬೀಗ ಹಾಕಿಲ್ಲ."

ಒಂಬತ್ತನೆಯ ದಿನ ಉತ್ತರ ಬಂತು, ತಿದ್ದುಪಡಿಯಲ್ಲ, ಆಮಂತ್ರಣ. ಮಾನ್ಯರನ್ನು ಆಟದ ಗೌರವ ಸಲಹೆಗಾರರನ್ನಾಗಿ ನೇಮಿಸಲು ಹರ್ಷವಾಗುತ್ತದೆ, ಅವರಿಗೂ ಅವರ ತಂಡದ ಸಮಸ್ತರಿಗೂ ಚಿನ್ನದ ಹಾಯಿಗಳ ಪೂರ್ಣ ಜೋಡಣೆಯನ್ನು ಪ್ರೀತಿಪೂರ್ವಕ ಅರ್ಪಿಸಲಾಗುವುದು, ವರದಿಯ ಬಗ್ಗೆ ಖಾಸಗಿಯಾಗಿ ಮಾತಾಡೋಣ. ಅತ್ತಿಗೆ ಪತ್ರವನ್ನು ತಂಡಕ್ಕೆ ಓದಿ ಹೇಳಿದರು. ಹಾಯಿ ತಮ್ಮೊಬ್ಬರಿಗಲ್ಲ, ಎಲ್ಲರಿಗೂ ಎಂದಿರುವಾಗ ಬೇಡವೆನ್ನುವ ಹಕ್ಕೂ ತಮ್ಮೊಬ್ಬರದಲ್ಲ ಎಂಬುದು ಅವರ ನ್ಯಾಯ. ಎಲ್ಲರೂ ಕನಸು ಕಂಡಿದ್ದ ಹಾಯಿ ಅದು. ಮೊದಲು ಬಂದದ್ದು ಆಂಬ್ಯುಲೆನ್ಸಿನವನ ದನಿ: "ಬೇಡ ಕ್ಯಾಪ್ಟನ್. ಅದನ್ನ ಕಟ್ಕೊಂಡು ಹೊರಟ್ರೆ ದಾರೀಲಿ ಸಿಕ್ಕೋರೆಲ್ಲ, ಎಷ್ಟಕ್ಕೆ ಮಾರಿಕೊಂಡ್ರಿ ಅಂತ ಕೇಳ್ತಾರೆ. ನಾನಂತೂ ಹಗ್ಗದ ಅಂಗಡಿ ಇಡ್ತೀನಿ." ಮೂವತ್ತೊಂದು ಜನರ ನಗು ಒಟ್ಟಿಗೇ ಹೊರಟಿತು.

ಹದಿನಾರನೆಯ ದಿನ, ಭಾನುವಾರ, ಬೆಳಿಗ್ಗೆ ವರದಿ ಪ್ರಕಟವಾಯಿತು. ಮಧ್ಯಾಹ್ನದ ಹೊತ್ತಿಗೆ ಖಾತೆ ಮುಚ್ಚಿತು. ನಾನು ಅಲ್ಲೇ ಇದ್ದೆ. ಹನ್ನೊಂದು ವರ್ಷದ ಹಡಗು ನಿಲ್ಲುತ್ತಿದ್ದ ಬಂದರಿನ ಜಾಗದಲ್ಲಿ ಕಪ್ಪು ಪರದೆ, ಅದರ ಮೇಲೆ ಒಂದು ವಾಕ್ಯ: ನಿಯಮಗಳ ಉಲ್ಲಂಘನೆಗಾಗಿ ಈ ಖಾತೆಯನ್ನು ಶಾಶ್ವತವಾಗಿ ಸ್ಥಗಿತಗೊಳಿಸಲಾಗಿದೆ. ಅತ್ತಿಗೆ ಅದನ್ನು ಎರಡು ಸಲ ಓದಿದರು. "ಯಾವ ನಿಯಮ ಅಂತ ನಂಬರ್ ಹಾಕಿಲ್ಲ. ಒಂದು ನೋಟಿಸ್ ಬರೆಯೋಕೂ ಬರೋದಿಲ್ಲ ಇವರಿಗೆ" ಎಂದು ಎದ್ದು ಒಳಗೆ ಹೋದರು. ಮುಂದಿನ ಭಾನುವಾರ ಹತ್ತಕ್ಕೆ ಅಭ್ಯಾಸಬಲದಿಂದ ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತು, ನೆನಪಾಗಿ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು. ಅಣ್ಣ ಎಂದಿನಂತೆ ಚಹಾ ತಂದಿಟ್ಟ.

ಆದರೆ ವರದಿ ಮುಳುಗಲಿಲ್ಲ. ತಂಡದ ಮೂವತ್ತು ಮಂದಿ ಅದೇ ನಾಲ್ಕು ಪುಟಗಳನ್ನು ತಮ್ಮ ತಮ್ಮ ಹೆಸರಿನಲ್ಲಿ ಮತ್ತೆ ಪ್ರಕಟಿಸಿದರು; ಹಿಂದೆ ಬಿಟ್ಟುಹೋಗಿದ್ದವರಲ್ಲಿ ಐವರು ಬಂದು ತಮ್ಮ ಪೆಟ್ಟಿಗೆಗಳ ವೀಡಿಯೊ ಸೇರಿಸಿದರು; ಗುರುತಿಲ್ಲದ ನೂರಾರು ತಂಡಗಳು ತಾವೂ ತೂಗಿ ನೋಡಿ ಹೌದು ಎಂದವು. ಕಂಪನಿ ಮೊದಲ ಸಲದ ಹಾಗೆ ಸುಳ್ಳು ಎಂದಿತು. ಆಗ ವೇದಿಕೆಯಲ್ಲಿ ಯಾರೋ ಒಬ್ಬರು ಅತ್ತಿಗೆಯ ಹಳೆಯ ಮೂರು ಸಾಲಿನ ತಪ್ಪೊಪ್ಪಿಗೆಯನ್ನು ಹುಡುಕಿ ತೆಗೆದು, ಕೆಳಗೆ ಬರೆದರು: ತಪ್ಪಿದ್ದಾಗ ತಪ್ಪು ಎಂದವರು ಇವರು, ಈಗ ಸರಿ ಎನ್ನುತ್ತಿದ್ದಾರೆ, ನಾನು ಇವರನ್ನು ನಂಬುತ್ತೇನೆ. ನನ್ನ ಹತ್ತು ಅಂಕಣಗಳು ಮಾಡದ ಕೆಲಸವನ್ನು ಆ ಮೂರು ಸಾಲು ಮಾಡಿದವು. ಜನ ಪೆಟ್ಟಿಗೆ ಕೊಳ್ಳುವುದನ್ನು ನಿಲ್ಲಿಸಿದರು. ಐದನೆಯ ವಾರ ಕಂಪನಿ, 'ತಾಂತ್ರಿಕ ವ್ಯತ್ಯಾಸ' ಎಂಬ ಮುಖವಾಡ ತೊಟ್ಟೇ ಆದರೂ, ಹಳಬರಿಗೂ ಹೊಸಬರಿಗೂ ಒಂದೇ ತೂಕ ಎಂದು ಪ್ರಕಟಿಸಬೇಕಾಯಿತು. ಅತ್ತಿಗೆ ಅದನ್ನೂ ನಂಬಲಿಲ್ಲ. ತಂಡದಿಂದ ಇನ್ನೊಂದು ತಿಂಗಳು ವೀಡಿಯೊ ತರಿಸಿ ನೋಡಿ, ಆಮೇಲೆ "ಸರಿ ಇದೆ" ಎಂದರು.

ಹಡಗು ಮಾತ್ರ ಬರಲಿಲ್ಲ. ಅದನ್ನು ಹಿಂದಿರುಗಿಸಿ ಎಂದು ಆಟಗಾರರು ಅರ್ಜಿ ಬರೆಯಲು ಹೊರಟಾಗ ತಡೆದವರು ಅವರೇ. "ನನ್ನ ಹಡಗನ್ನ ಅದರಲ್ಲಿ ಸೇರಿಸ್ಬೇಡಿ. ನಾಳೆ, ಅದಕ್ಕೋಸ್ಕರಾನೇ ಇಷ್ಟೆಲ್ಲ ಮಾಡಿದ್ದು ಅಂತಾರೆ."

ಪ್ರತಿ ಕಚೇರಿಯಲ್ಲೂ, ಪ್ರತಿ ಬೀದಿಯಲ್ಲೂ ಇಂಥ ಒಬ್ಬರಿರುತ್ತಾರೆ. ಜೊತೆಯವರಿಗೆ ಅವರು ತಲೆನೋವು, ಮೇಲಿನವರಿಗೆ ಕಾಲ್ತೊಡಕು, ಮನೆಯವರಿಗೆ ಒಂದು ಬಗೆಯ ಅಚ್ಚರಿ. ಕೋಪ ಅವರಿಗೂ ಬರುತ್ತದೆ, ನಮಗಿಂತ ಹೆಚ್ಚೇ ಬರುತ್ತದೆ. ಆದರೆ ತಮ್ಮ ಕೋಪಕ್ಕೆ ಸಾಕ್ಷಿ ಹೇಳುವ ಹಕ್ಕನ್ನು ಅವರು ಕೊಡುವುದಿಲ್ಲ. ಮೋಸಗಾರನಿಗೂ ಸಲ್ಲಬೇಕಾದ ನ್ಯಾಯವನ್ನು ಚುಕ್ಕಿಯಷ್ಟೂ ಕಡಿಮೆ ಮಾಡದ ಅವರನ್ನು ಕಂಡು ನನ್ನಂಥ ಕೂಗುಮಾರಿಗಳು ಎಷ್ಟೋ ಸಲ ಕೈ ಹಿಸುಕಿಕೊಂಡಿದ್ದೇವೆ, ಮೆತ್ತಗಿನವರು ಎಂದು ಹಳಿದಿದ್ದೇವೆ. ದೊಡ್ಡ ಬಂಡವಾಳದವರು ನಮ್ಮ ಕೂಗಿಗೆ ಎಂದೂ ಹೆದರಿದವರಲ್ಲ. ಕೂಗು ಅವರಿಗೆ ಪುಕ್ಕಟೆ ಜಾಹೀರಾತು. ಅವರು ಹೆದರುವುದು, ತಮ್ಮ ವಿರುದ್ಧ ಒಂದೇ ಒಂದು ಸುಳ್ಳನ್ನೂ ಹೇಳಲೊಪ್ಪದ ಈ ಮಂದಿಗೆ.