ಅಳಿಯಂದಿರು ತೆಗೆದ ಫೋಟೋ

ಸಂಜುಕುಮಾರನಿಗೆ ಫೋಟೋ ತೆಗೆಯಲು ಬರುತ್ತದೆ ಎಂದು ಅವನನ್ನು ಬಿಟ್ಟರೆ ಬೇರೆ ಯಾರೂ ಹೇಳಿದ್ದಿಲ್ಲ. ಅಫಜಲಪುರದ ಒಂದು ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಅವನದು. ಹೋದ ದೀಪಾವಳಿಗೆ ಕಲಬುರಗಿಯಿಂದ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದ. ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿದ್ದ, ಸಾಬೂನಿನ ಬಿಲ್ಲೆಯಷ್ಟು ದಪ್ಪದ, ಅಗ್ಗದ ಕ್ಯಾಮೆರಾ ಅದು. ಆದರೆ ಬೆಲ್ಟಿಗೆ ಕಟ್ಟಿದ ಚೀಲದಲ್ಲಿ ಕೂತು ಮಾವನ ಊರಾದ ಕಿಣ್ಣಿ ಸುಲ್ತಾನಕ್ಕೆ ಹೋದ ಮೇಲೆ ಅದರ ಬೆಲೆ ಕೇಳುವ ಎದೆಗಾರಿಕೆ ಯಾರಿಗಿತ್ತು? ಆಗಿನ್ನೂ ಊರವರ ಫೋನುಗಳಲ್ಲಿ ಫೋಟೋ ತೆಗೆದರೆ ಮೂಗು ಯಾವುದು, ಬಾಯಿ ಯಾವುದು ತಿಳಿಯುತ್ತಿರಲಿಲ್ಲ. ಹಾಗಾಗಿ ಅಳಿಯಂದಿರದ್ದೇ ದರ್ಬಾರು. ಕ್ಯಾಮೆರಾದ ಜೊತೆ ಕೊಟ್ಟ ಪುಸ್ತಕವನ್ನು ಮಾತ್ರ ಮಹಾಶಯ ಬಿಚ್ಚಿಯೂ ನೋಡಿರಲಿಲ್ಲ. ಸಿಕ್ಕ ಗುಂಡಿ ಒತ್ತುವುದು, ಬಂದರೆ ಫೋಟೋ.

ಅಂಥದ್ದರಲ್ಲಿ ಮಾವ ಶಿವರಾಯ ತೀರಿಕೊಂಡ. ಎರಡು ವರ್ಷ ಹಾಸಿಗೆ ಹಿಡಿದಿದ್ದ ಜೀವ. ಅವರ ಪದ್ಧತಿಯಂತೆ ಮೈ ತೊಳೆದು, ವಿಭೂತಿ ಧರಿಸಿ, ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಮಣ್ಣಿಗೆ ಒಯ್ಯುವ ಮುಂಚೆ ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುವುದು ಅಲ್ಲಿನ ರೂಢಿ. ಶಿವರಾಯನದು ಮೊದಲಿನ ಫೋಟೋ ಒಂದೂ ಇರಲಿಲ್ಲ. ಮುಂದೆ ಗೋಡೆಗೆ ಹಾಕಿ ಕೈಮುಗಿಯುವುದಕ್ಕೂ ಇದೇ ಆಗಬೇಕು.

"ಆಳಂದದ ಫೋಟೋದಾಂವ ಖಜೂರಿ ಊರಾಗ ಒಂದ್ ಮದುವ್ಯಾಗ ಅದಾನಂತ, ಬರೂದಿಲ್ಲಂತ," ಎಂದ ಹಿರಿಯ ಮಗ ಅಮರನಾಥ.

"ಅಂವ ಯಾಕ ಬೇಕೋ? ನಮ್ಮ ಅಳಿಯಂದಿರ ಇಲ್ಲೇನು?" ಎಂದಳು ಅತ್ತೆ ಗಂಗಾಬಾಯಿ ಅಳುತ್ತಲೇ.

ಸಂಜುಕುಮಾರನ ಎದೆ ಉಬ್ಬಿತು. ಸಾವಿನ ಮನೆ ಎಂಬ ಖಬರೂ ಇಲ್ಲದೆ ಉಬ್ಬಿತು, ಸುಳ್ಳೇಕೆ ಹೇಳಬೇಕು?

ಎಲ್ಲರನ್ನೂ ಸರಿಸಿ, ಕೂಡಿಸಿ, ಅಂಗಳದಲ್ಲಿ ನಿಂತು ಗುಂಡಿ ಒತ್ತಿದ. ಕ್ಯಾಮೆರಾದ ಮೂತಿಯಲ್ಲಿ ಕೆಂಪು ದೀಪ ಮಿಣುಕಿತೇ ಹೊರತು ಫೋಟೋ ಬೀಳಲಿಲ್ಲ. ಮತ್ತೆ ಒತ್ತಿದ. ಇಲ್ಲ. ಹೊತ್ತು ಇಳಿಯುತ್ತಿತ್ತು. "ಜಲ್ದಿ ಮಾಡ್ರಿ, ಕತ್ತಲಾಗೂದ್ರಾಗ ಮುಗಿಸಬೇಕು," ಎಂದು ಮಠದ ಅಯ್ಯನವರು ಗದರಿದರು. ಹಿಂದೆ ಯಾರೋ, "ಹುಡುಗರ ಆಟಿಗಿ ಸಾಮಾನ ಇರಬೇಕ್ ತಗೀ," ಎಂದದ್ದು ಕಿವಿಗೆ ಬಿತ್ತು. ಬೆವರು ಒರೆಸಿಕೊಂಡು ಪರದೆ ನೋಡಿದ. ಮೂಲೆಯಲ್ಲಿ ಹಳದಿಯ ಒಂದು ಪುಟ್ಟ ಮುಖ ನಗುತ್ತಿತ್ತು. ಆಗ ನೆನಪಾಯಿತು. ಕಲಬುರಗಿಯ ಅಂಗಡಿಯವನು ಹೇಳಿದ್ದ: ಇದರಾಗ ಒಂದು ಕರಾಮತ್ತು ಅದರಿ, ಎದುರಿಗಿದ್ದವರು ನಕ್ಕರೆ ಸಾಕು, ತಾನೇ ಫೋಟೋ ಹೊಡೀತದ. ಯಾವಾಗಲೋ ಆ ಗುಂಡಿಯನ್ನೂ ಒತ್ತಿಬಿಟ್ಟಿದ್ದಾನೆ ಪುಣ್ಯಾತ್ಮ. ಆ ಕರಾಮತ್ತನ್ನು ತೆಗೆದುಹಾಕುವುದು ಹೇಗೆಂದು ಗೊತ್ತಿಲ್ಲ. ಹೆಣದ ಮುಂದೆ ಕೂತು ಯಾರು ನಗುತ್ತಾರೆ?

"ನನಗ ಬರೂದಿಲ್ರಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಎರಡು ಮಾತು ಅವನ ಬಾಯಿಂದ ಹೊರಡಲಿಲ್ಲ. ಅಳಿಯ ನೋಡಿ, ಅಳಿಯ!

ಶಿವರಾಯನ ಪಕ್ಕದಲ್ಲಿ ಅಮರನಾಥನ ಹೆಂಡತಿ ವಿಜಯಶ್ರೀ ಕೂತಿದ್ದಳು. ವಾಲುತ್ತಿದ್ದ ಮಾವನ ಕುತ್ತಿಗೆಗೆ ಕೈ ಆನಿಸಿ ಹಿಡಿದಿದ್ದಳು. ಎರಡು ವರ್ಷ ಆ ಮುದುಕನ ಹೇಲು ಉಚ್ಚೆ ಬಳಿದವಳು ಅವಳೇ. ಅತ್ತು ಅತ್ತು ಕಣ್ಣು ಬತ್ತಿದ್ದವು. ಸಂಜುಕುಮಾರನನ್ನು ಅವಳು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ತಂಗಿ ಎನ್ನುತ್ತಿದ್ದ. ಹೂವಿನ ಹಾರ ಸರಿಮಾಡುವ ನೆಪದಲ್ಲಿ ಬಗ್ಗಿ ಅವಳ ಕಿವಿಯಲ್ಲಿ ಅಂದ:

"ತಂಗೀ, ನಕ್ಕರಷ್ಟ ಫೋಟೋ ಬೀಳ್ತದ ಇದು. ಒಂದ್ ಚೂರು ನಗುವಾ. ನನ್ನ ಇಜ್ಜತ್ ನಿನ್ನ ಕೈಯಾಗ ಅದ."

ಅವಳು ಗಾಬರಿಯಿಂದ ನೋಡಿದಳು. ಅವನ ಮೋರೆ ನೋಡಿ ಪಾಪ ಅನಿಸಿತೋ ಏನೋ. ಅವನು ಹಿಂದೆ ಸರಿದು ಗುಂಡಿ ಒತ್ತಿದಾಗ ತುಟಿ ಸ್ವಲ್ಪ ಅಗಲಿಸಿದಳು. ಫಳ್ ಎಂದು ಬೆಳಕು ಬಿತ್ತು. "ಆತು!" ಎಂದ ಸಂಜುಕುಮಾರ, ದೊಡ್ಡ ದನಿಯಲ್ಲಿ.

ಮಣ್ಣು ಕೊಟ್ಟು ಬಂದು ಎಲ್ಲರೂ ಸ್ನಾನ ಮಾಡಿ ಕೂತಾಗ ಅವನ ಹೆಂಡತಿ ಸಪ್ನಾ ಅಪ್ಪನ ಮುಖ ನೋಡುತ್ತೇನೆಂದು ಕ್ಯಾಮೆರಾ ಇಸಿದುಕೊಂಡಳು. ಚಿತ್ರ ದೊಡ್ಡದು ಮಾಡುವುದನ್ನು ಅವನೇ ಕಲಿಸಿದ್ದ. ದೊಡ್ಡದು ಮಾಡಿದಳು, ಆಚೆ ಈಚೆ ಸರಿಸಿದಳು, ಚೀರಿದಳು.

"ಅಯ್ಯಯ್ಯ, ವೈನಿ ನಗಾಕತ್ತಾಳ! ನಮ್ಮಪ್ಪನ ಹೆಣ ಹಿಡ್ಕೊಂಡು ನಗಾಕತ್ತಾಳ ನೋಡ್ರಿ!"

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಗಂಗಾಬಾಯಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಎದೆ ಬಡಿದುಕೊಂಡಳು. "ಹೇಸಿಗಿ ಬಳ್ಯೂದು ತಪ್ಪಿತಂತ ನಕ್ಕಿಯೇನ್ಬೇ? ಯಾವಾಗ ಸಾಯ್ತಾನಂತ ಹಾದಿ ಕಾಯಾಕತ್ತಿದ್ದೇನು?"

"ಯಾಕ ನಕ್ಕಿ ಹೇಳು," ಎಂದು ಅಮರನಾಥ ಎದ್ದು ನಿಂತ.

ವಿಜಯಶ್ರೀ ಸಂಜುಕುಮಾರನ ಕಡೆ ನೋಡಿದಳು. ಕಾದಳು. ಅವನ ಬಾಯಲ್ಲಿ ಮಾತು ಬಿಸಿತುಪ್ಪವಾಗಿತ್ತು, ನುಂಗಲೂ ಒಲ್ಲದು ಉಗುಳಲೂ ಒಲ್ಲದು. ನೆಲ ನೋಡುತ್ತ ಚಹಾದ ಬಸಿ ತಿರುವಿದ. ಕಡೆಗೆ ಅವಳೇ, "ತಪ್ಪಾತ್ರಿ," ಎಂದು ಒಳಗೆ ಹೋದಳು. ಇಜ್ಜತ್ ನಿನ್ನ ಕೈಯಲ್ಲಿದೆ ಎಂದಿದ್ದನಲ್ಲ, ಅದನ್ನು ಅವಳು ಕಾಪಾಡಿದಳು. ಅವನು ಆ ರಾತ್ರಿ ಹೊದ್ದು ಮಲಗಿ ತನಗೆ ತಾನೇ ಥೂ ಎಂದುಕೊಂಡ. ಹೊದ್ದುಕೊಂಡು ಥೂ ಎಂದರೆ ಯಾರಿಗೆ ಕೇಳುತ್ತದೆ?

ಮರುದಿನ ಫೋಟೋ ದೊಡ್ಡದು ಮಾಡಿಸಲು ಅವನನ್ನೇ ಆಳಂದಕ್ಕೆ ಕಳಿಸಿದರು. ಅತ್ತಿಗೆಯನ್ನು ಚಿತ್ರದಿಂದ ಕತ್ತರಿಸಿ ತೆಗೆಸಬೇಕೆಂದು ಸಪ್ನಾ ತಾಕೀತು ಮಾಡಿದ್ದಳು. ಸ್ಟುಡಿಯೋದ ಇಸ್ಮಾಯಿಲ ಕಂಪ್ಯೂಟರಿನಲ್ಲಿ ನೋಡಿ ತಲೆ ಕೆರೆದುಕೊಂಡ. "ಈ ಅಕ್ಕಾರನ್ನ ತಗದ್ರೂ ಕೈ ಹೋಗೂದಿಲ್ರಿ. ಮುತ್ಯಾನ ಕುತ್ತಿಗಿ ಹಿಡದಾರ, ಕೈ ತಗದ್ರ ಕುತ್ತಿಗೀನೂ ಹೋಗ್ತದ." ಕೈಯನ್ನು ಹಾಗೇ ಬಿಟ್ಟ. ಆಮೇಲೆ ಕ್ಯಾಮೆರಾ ನೋಡಿ, "ನಗೂದ್ರಾಗ ಇಟ್ಟೀರಲ್ರಿ!" ಎಂದು ಆ ಕರಾಮತ್ತನ್ನು ತೆಗೆದು, ಹಾಕುವುದನ್ನೂ ತೆಗೆಯುವುದನ್ನೂ ತೋರಿಸಿಕೊಟ್ಟ. ಏನೂ ಕಷ್ಟವಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ಚೌಕಟ್ಟು ಅವನ ತೊಡೆಯ ಮೇಲಿತ್ತು. ಶಿವರಾಯನ ಕುತ್ತಿಗೆಯ ಹಿಂದೆ ಯಾರದ್ದೂ ಅಲ್ಲದ ನಾಲ್ಕು ಬೆರಳು. ಕಿಣ್ಣಿ ಸುಲ್ತಾನದವರೆಗೆ ಅವನ್ನೇ ನೋಡುತ್ತ ಬಂದ. ಇವತ್ತು ಹೇಳಲೇಬೇಕು ಎಂದು ಗಟ್ಟಿಮಾಡಿಕೊಂಡ. ಮನೆ ಮುಟ್ಟಿ, ಚಪ್ಪಲಿ ಬಿಚ್ಚುವ ಮೊದಲೇ ಹೇಳಿಯೂಬಿಟ್ಟ.

"ತಂಗೀದೇನೂ ತಪ್ಪಿಲ್ರಿ. ನಗು ಅಂತ ನಾನೇ ಹೇಳಿದ್ದೆ. ಯಾರರೆ ನಗಲಿಲ್ಲಂದ್ರ ಈ ಕ್ಯಾಮೆರಾ ಫೋಟೋ ತಗೀತಿರಲಿಲ್ಲ."

ಎಲ್ಲರೂ ಅವನ ಮುಖ ನೋಡಿದರು. ಅಮರನಾಥ ಮೆಲ್ಲಗೆ ಕ್ಯಾಮೆರಾ ತೆಗೆದುಕೊಂಡು ಗಂಟುಮುಖದ ತಾಯಿಯ ಕಡೆ ಹಿಡಿದು ಗುಂಡಿ ಒತ್ತಿದ. ಫಳ್! "ತಗೀತಲ್ರಿ ಭಾವ," ಎಂದ. "ಇರ್ಲಿ ಬಿಡ್ರಿ. ಮನಿ ಮರ್ಯಾದಿ ಉಳಸಾಕ ಇಷ್ಟ ದೊಡ್ಡ ಮನಸ್ಸು ಮಾಡಿದ್ರಿ, ಸಾಕು."

"ಎಂಥಾ ಅಳಿಯ ಅದಾರ ನೋಡ್ರಿ!" ಗಂಗಾಬಾಯಿಯ ಕಣ್ಣು ತುಂಬಿ ಬಂದವು. "ಮಂದಿ ಮಾಡಿದ ಪಾಪ ತಮ್ಮ ತಲಿ ಮ್ಯಾಲ ಹಾಕ್ಕೋತಾರ. ಇಂಥಾ ಅಳಿಯ ಸಿಗಾಕ ಪುಣ್ಯ ಮಾಡಿರಬೇಕು."

ಕ್ಯಾಮೆರಾ ಮರಳಿ ಅವನ ಕೈಗೆ ಬಂತು. ಇಸ್ಮಾಯಿಲ ತೋರಿಸಿದ ಆ ನಗುವಿನ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು. ಒಮ್ಮೆ ಒತ್ತಿ, ಮತ್ತೆ ಅತ್ತೆಯ ಕಡೆ ಹಿಡಿದಿದ್ದರೆ ಎಲ್ಲರಿಗೂ ತಿಳಿದುಹೋಗುತ್ತಿತ್ತು. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು, ದೇವರನ್ನು ನೋಡಿದಂತೆ. ಸಪ್ನಾ ಕೂಡ ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. ಹೆಬ್ಬೆರಳು ಅಲ್ಲೇ ನಿಂತಿತು. ಆಮೇಲೆ ಕ್ಯಾಮೆರಾ ಚೀಲದೊಳಗೆ ಹೋಯಿತು.

"ವಿಜೂ, ಬಾಬೇ ಹೊರಗ," ಎಂದು ಗಂಗಾಬಾಯಿ ಕೂಗಿದಳು. "ಅಣ್ಣನ ಕಾಲ್ ಬೀಳು."

ವಿಜಯಶ್ರೀ ಹಿಟ್ಟಿನ ಕೈಯಲ್ಲೇ ಬಂದಳು. ಎಲ್ಲ ಕೇಳಿಸಿಕೊಂಡೇ ಬಂದಿದ್ದಳು. ಸೆರಗು ಹೊದ್ದು ಬಗ್ಗಿ ಅವನ ಪಾದ ಮುಟ್ಟಿದಳು. ಅವನೊಬ್ಬನಿಗೇ ಕೇಳುವಂತೆ, "ನಿನ್ನೇ ಹೇಳಿದ್ರ ನಂಬತಿದ್ರು ಅಣ್ಣಾ," ಎಂದಳು.

ಎಲ್ಲರೂ ನೋಡುತ್ತಿದ್ದರು. ಸಂಜುಕುಮಾರ ಬಲಗೈ ಎತ್ತಿ ಅವಳ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿದ.